ಷೇರುಪೇಟೆ ಗೆದ್ದ ಗಣಿತ ಪ್ರೊಫೆಸರ್: ಅವರ ‘ಸೀಕ್ರೆಟ್ ಫಾರ್ಮುಲಾ’ ನಿಮ್ಮ ಮೊಬೈಲ್‌ಗೆ ಬರುತ್ತದೆಯೇ?

‘ಗಣಿತದ ಸೂತ್ರದಿಂದ ಷೇರುಪೇಟೆ ಗೆದ್ದವರಿದ್ದಾರೆ. ನಮ್ಮ ಎಐ ಆ್ಯಪ್ ಕೂಡ ಅದನ್ನೇ ಮಾಡುತ್ತದೆ. ಇಂದೇ ಗ್ರೂಪ್ ಸೇರಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ನಿಮಗೂ ಬಂದಿರಬಹುದು. ಇದರ ಮೊದಲ ಮಾತು ನಿಜ. ಹಾಗೆ ಗೆದ್ದವರಲ್ಲಿ ದೊಡ್ಡ ಹೆಸರು ಅಮೆರಿಕದ ಜಿಮ್ ಸೈಮನ್ಸ್. ಆದರೆ ಅವರ ಕಥೆ ಪೂರ್ತಿ ತಿಳಿದರೆ ಎರಡನೇ ಮಾತನ್ನು ನಂಬುವುದು ಕಷ್ಟ.

ಯಾರು ಈ ಸೈಮನ್ಸ್?

1938ರಲ್ಲಿ ಹುಟ್ಟಿದ ಸೈಮನ್ಸ್ 23ನೇ ವಯಸ್ಸಿಗೇ ಗಣಿತದಲ್ಲಿ ಪಿಎಚ್‌ಡಿ ಪಡೆದರು. ಶೀತಲ ಸಮರದ ಕಾಲದಲ್ಲಿ ಗುಪ್ತ ಸಂಕೇತಗಳನ್ನು ಭೇದಿಸುವ ಕೆಲಸದಲ್ಲಿದ್ದರು. ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿ ಆ ಕೆಲಸ ಕಳೆದುಕೊಂಡರು. 1968ರಲ್ಲಿ ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥರಾದರು. ಅವರ ‘ಚೆರ್ನ್-ಸೈಮನ್ಸ್’ ಸಿದ್ಧಾಂತವನ್ನು ಭೌತವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

1978ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಪ್ರೊಫೆಸರ್ ಹುದ್ದೆ ಬಿಟ್ಟು ಹೂಡಿಕೆಗೆ ಇಳಿದರು. ಅವರು ಕಟ್ಟಿದ ‘ರಿನೇಸಾನ್ಸ್ ಟೆಕ್ನಾಲಜೀಸ್’ ಒಂದು ಹೆಡ್ಜ್ ಫಂಡ್ ಕಂಪನಿ. ಅಂದರೆ ಶ್ರೀಮಂತರು, ದೊಡ್ಡ ಸಂಸ್ಥೆಗಳಿಂದ ಹಣ ಪಡೆದು, ಬೆಲೆ ಏರಿದರೂ ಇಳಿದರೂ ಲಾಭ ಮಾಡಲು ಯತ್ನಿಸುವ ಕಂಪನಿ.

ಅವರು ಗೆದ್ದದ್ದು ಹೇಗೆ?

ಷೇರುಪೇಟೆ ಪಂಡಿತರ ಬದಲು ಗಣಿತಜ್ಞರು, ಭೌತವಿಜ್ಞಾನಿಗಳು, ಕಂಪ್ಯೂಟರ್ ತಜ್ಞರನ್ನು ನೇಮಿಸಿಕೊಂಡರು. ಹಳೆಯ ಬೆಲೆಗಳ ರಾಶಿಯಲ್ಲಿ ಮರುಕಳಿಸುವ ಸಣ್ಣ ಸಣ್ಣ ಸುಳಿವುಗಳನ್ನು ಹುಡುಕಿಸಿದರು. ಪ್ರತಿ ವಹಿವಾಟಿನಲ್ಲೂ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ತುಸುವೇ ಹೆಚ್ಚು. ಆದರೆ ವಹಿವಾಟುಗಳ ಸಂಖ್ಯೆ ಅಪಾರ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಲಾಭ ಸೇರುತ್ತಾ ಹೋಯಿತು.

ಪತ್ರಕರ್ತ ಗ್ರೆಗರಿ ಝಕರ್‌ಮನ್ ಲೆಕ್ಕದ ಪ್ರಕಾರ ಕಂಪನಿಯ ‘ಮೆಡಾಲಿಯನ್’ ಫಂಡ್ 1988ರಿಂದ 2018ರವರೆಗೆ ವರ್ಷಕ್ಕೆ ಸರಾಸರಿ ಶೇ 66 ಲಾಭ ಗಳಿಸಿತು. ಶುಲ್ಕ ಕಳೆದರೂ ಶೇ 39. ಇದೇ ಫಂಡ್ 1989ರಲ್ಲಿ ನಷ್ಟವನ್ನೂ ಕಂಡಿತ್ತು.

ಫಾರ್ವರ್ಡ್‌ಗಳು ಹೇಳದ ಸಂಗತಿ

ಮೆಡಾಲಿಯನ್ 1993ರಲ್ಲೇ ಹೊಸ ಹೂಡಿಕೆದಾರರಿಗೆ ಬಾಗಿಲು ಹಾಕಿತು. 2005ರ ಹೊತ್ತಿಗೆ ಹೊರಗಿನವರ ಹಣವನ್ನೆಲ್ಲ ವಾಪಸ್ ಕೊಟ್ಟು, ಮುಖ್ಯವಾಗಿ ನೌಕರರದ್ದೇ ಫಂಡ್ ಆಯಿತು. ಕಾರಣ ಸರಳ. ದೊಡ್ಡ ಮೊತ್ತದಲ್ಲಿ ಕೊಳ್ಳಲು ಹೋದರೆ ಬೆಲೆಯೇ ಏರಿ, ಸಣ್ಣ ಲಾಭ ಕರಗಿಹೋಗುತ್ತದೆ.

ಇನ್ನೂ ಒಂದು ವಿಷಯ. 2020ರಲ್ಲಿ ಮೆಡಾಲಿಯನ್ ಭಾರಿ ಲಾಭ ಮಾಡಿತು. ಅದೇ ಕಂಪನಿ ಹೊರಗಿನವರಿಗಾಗಿ ನಡೆಸುತ್ತಿದ್ದ ಫಂಡ್‌ಗಳು ಅದೇ ವರ್ಷ ದೊಡ್ಡ ನಷ್ಟ ಅನುಭವಿಸಿದವು. ಅಂದರೆ ಆ ಗೆಲುವನ್ನು ಹೊರಗಿನ ಹೂಡಿಕೆದಾರರಿಗೆ ಕೊಡಲು ಸ್ವತಃ ಆ ಕಂಪನಿಗೇ ಆಗಲಿಲ್ಲ. ಸೈಮನ್ಸ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಕಂಪನಿ ತನ್ನ ಸೂತ್ರವನ್ನು ಇಂದಿಗೂ ಗುಟ್ಟಾಗಿಯೇ ಇಟ್ಟಿದೆ.

ಹಾಗಾದರೆ ನಾವೇನು ಮಾಡಬೇಕು?

ನಿಜವಾದ ಸೂತ್ರ ಇರುವವರು ಅದನ್ನು ಬಚ್ಚಿಡುತ್ತಾರೆ, ಗುರುತಿಲ್ಲದವರಿಗೆ ಹಂಚುವುದಿಲ್ಲ. ಇತ್ತ ನಮ್ಮ ದೇಶದ ಲೆಕ್ಕ ನೋಡಿ: 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ 1 ಕೋಟಿಗೂ ಹೆಚ್ಚು ಜನರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು ಎಂದು ಸೆಬಿ ಅಧ್ಯಯನ ಹೇಳುತ್ತದೆ. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ.

ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿದ್ದಾರೆಯೇ ನೋಡಿ. ‘ಗ್ಯಾರಂಟಿ ಲಾಭ’ ಎಂದರೆ ಅಲ್ಲಿಗೇ ನಿಲ್ಲಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಷ್ಟು ಲಾಭ ಇದ್ದರೆ ಇದನ್ನು ನನಗೇಕೆ ಕಳಿಸಿದರು?