ಮಡಿಲೋ, ಅಂಗೈಯೋ
ಹೊಸ ಲ್ಯಾಪ್‌ಟಾಪ್ ಕೊಂಡವರಿಗೂ ಟ್ಯಾಬ್ಲೆಟ್ಟೇ ಸಾಕಿತ್ತೇನೋ ಎಂಬ ಅನುಮಾನ ಈಗ ಸಾಮಾನ್ಯ. ಅದರಲ್ಲಿ ಹುರುಳಿಲ್ಲವೆಂದಲ್ಲ: 2020ರ ಮ್ಯಾಕ್‌ಬುಕ್ ಏರ್‌ನೊಳಗಿದ್ದ ಎಂ1 ಚಿಪ್ಪನ್ನೇ ಆ್ಯಪಲ್ 2021ರಲ್ಲಿ ಐಪ್ಯಾಡ್ ಪ್ರೊಗೂ ಹಾಕಿತು. ಆದರೂ ಮ್ಯಾಕ್‌ನ ತಂತ್ರಾಂಶಗಳು ಅದರಲ್ಲಿ ಓಡಲಿಲ್ಲ; ಕಸುವಿದ್ದೂ ಕೈ ಕಟ್ಟಿಹಾಕಿದ್ದು ಅದರ ಆಪರೇಟಿಂಗ್ ಸಿಸ್ಟಂ. ಕನ್ನಡದಲ್ಲಿ ಬರೆದು ಅಚ್ಚಿಗೆ ಕೊಡುವವರಿಗೆ ಇದು ಬೇಗ ಅರಿವಾಗುತ್ತದೆ. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಹಳೆಯ ನುಡಿ ಫಾಂಟುಗಳ ಬಳಕೆ ಅಚ್ಚಿನ ಲೋಕದಲ್ಲಿ ಪೂರ್ತಿ ನಿಂತಿಲ್ಲ. ಆ ಕಡತಗಳನ್ನು ತೆರೆಯಲು, ತಿದ್ದಲು, ಪರಿವರ್ತಿಸಲು ವಿಂಡೋಸ್ ಯಂತ್ರವೇ ಸಲೀಸು. ಟ್ಯಾಬ್ಲೆಟ್ ಹಗುರ, ಕೀಲಿಮಣೆ ಬೇಕಾದರೆ ಜೋಡಿಸಿಕೊಂಡರಾಯಿತು ಎನ್ನುವವರಿದ್ದಾರೆ. ಕೀಲಿಮಣೆ, ಆನಿಸಿ ನಿಲ್ಲಿಸುವ ಕವರು, ಪೆನ್ನು ಎಲ್ಲ ಸೇರಿದ ಮೇಲೆ ತೂಕವನ್ನೂ ಬಿಲ್ಲನ್ನೂ ಇನ್ನೊಮ್ಮೆ ನೋಡಲಿ. ಮೂಗಿಗಿಂತ ಮೂಗುತಿ ಭಾರ. ಬಾಯಲ್ಲಿ ಹೇಳಿ ಬರೆಸಬಹುದಲ್ಲ ಎಂಬ ಮಾತೂ ಇದೆ. ಮೊದಲ ಕರಡಿಗೆ ಸರಿ, ಆದರೆ ಒತ್ತಕ್ಷರ ತಿದ್ದುವಾಗ ಬೆರಳ ತುದಿ ಸಿಕ್ಕಾಪಟ್ಟೆ ದಪ್ಪವೆನಿಸುತ್ತದೆ. ಓದಲು, ಪಿಡಿಎಫ್ ಮೇಲೆ ಗೀಚಲು, ಚಿತ್ರ ಬರೆಯಲು ಮಾತ್ರ ಟ್ಯಾಬ್ಲೆಟ್ಟಿಗೆ ಎದುರಿಲ್ಲ. ದಿನದ ಬಹುಪಾಲು ಅದೇ ಕೆಲಸವಾಗಿರುವವರು, ಮರಳಿಸುವ ಗಡುವು ಮುಗಿಯುವ ಮೊದಲೇ ಲ್ಯಾಪ್‌ಟಾಪನ್ನು ವಾಪಸ್ ಕೊಡಲಿ. ಉಳಿದವರು ಅದು ಬಂದ ಡಬ್ಬವನ್ನು ಅಟ್ಟಕ್ಕೆ ಹಾಕಬಹುದು.