ಗೋಡೆಗೆ ಕಟ್ಟದ ಕಪಾಟು



ಕಳೆದ ದಸರೆಯ ರಜೆಯಲ್ಲಿ ರಾಯಚೂರಿನ ಮಗಳ ಮನೆಯಲ್ಲಿದ್ದಾಗ ನಡೆದ ಸಂಗತಿ. ಮಕ್ಕಳ ಕೋಣೆಗೆಂದು ಹೊಸದಾಗಿ ತಂದಿದ್ದ, ನನ್ನ ಎದೆಯೆತ್ತರದ, ಐದು ಡ್ರಾಯರುಗಳ ಕಪಾಟಿನ ಮೇಲೆ ಯಾರೋ ಮೊಬೈಲ್ ಇಟ್ಟಿದ್ದರು. ಮೂರು ವರ್ಷದ ಮೊಮ್ಮಗ ಕೆಳಗಿನ ಮೂರು ಡ್ರಾಯರುಗಳನ್ನು ಹೊರಗೆಳೆದು, ಅವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದ. ಕಪಾಟು ಮುಂದಕ್ಕೆ ವಾಲಿತು. ಎದುರಿಗಿದ್ದ ಮಂಚದ ಅಂಚು ಅದನ್ನು ತಡೆಯಿತು. ಆ ಸಂದಿಯಲ್ಲಿ ಮಗು ಉಳಿದುಕೊಂಡಿತು. ಮೊಣಕೈ ತರಚಿದ್ದಷ್ಟೇ. "ಮ್ಯಾಲ ಯಾಕ ಹತ್ತಿದಿ?" ಎಂದು ಎಲ್ಲರೂ ಮಗುವನ್ನೇ ಗದರಿಸಿದೆವು. ನನ್ನ ದನಿಯೇ ಎಲ್ಲರಿಗಿಂತ ಎತ್ತರದಲ್ಲಿತ್ತು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮೂರು ವರ್ಷದ ಮಗು ಹತ್ತದೆ ಇರುವುದುಂಟೆ? ಅಪರಾಧ ಕಪಾಟನ್ನು ಗೋಡೆಗೆ ಕಟ್ಟದೆ ನಿಲ್ಲಿಸಿದ ಹಿರಿಯರಾದ ನಮ್ಮದು. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ನಾನು ಬೆಳೆದ ಜಾಲಹಳ್ಳಿಯ ಮಾಳಿಗೆ ಮನೆಯಲ್ಲಿ ಕಪಾಟೆಂಬುದು ಗೋಡೆಯ ಒಳಗೇ ಇತ್ತು. ಕಲ್ಲುಮಣ್ಣಿನ ದಪ್ಪ ಗೋಡೆಯಲ್ಲಿ ಕಟ್ಟುವಾಗಲೇ ಮಾಡಗಳನ್ನು ಬಿಟ್ಟಿದ್ದರು. ಕೆಲವಕ್ಕೆ ಕಟ್ಟಿಗೆಯ ಕದ, ಚಿಲಕಗಳಿದ್ದವು. ನಮ್ಮ ಪಾಟಿ, ಪುಸ್ತಕ, ಗೋಲಿಗಳಿಗೆ ಕೆಳಗಿನ ಮಾಡ. ಔಷಧ, ಚಾಕು, ದೀಪದೆಣ್ಣೆಗೆ ಮೇಲಿನದು. ಬೀಳುವ ಪ್ರಶ್ನೆಯೇ ಇರಲಿಲ್ಲ. ಹಾಗೆಂದು ಹಳೆಯದೆಲ್ಲ ನಿರಪಾಯವೆಂದು ನಾನು ಹೇಳಲಾರೆ. ನಡುಮನೆಯಲ್ಲಿದ್ದ ಸಂದೂಕದ ಮುಚ್ಚಳ ಮಣಭಾರ. ಕೈಬಿಟ್ಟರೆ ತಾನಾಗಿ ಮುಚ್ಚಿಕೊಂಡು ಹೊರಗಿನ ಕೊಂಡಿ ಬೀಳುತ್ತಿತ್ತು. ಕಣ್ಣಾಮುಚ್ಚಾಲೆಯಾಡುವ ಮಗು ಅದರೊಳಗೆ ಅಡಗಿದರೆ ಉಸಿರಿಗೆ ಗಾಳಿಯಿಲ್ಲ, ಕೂಗಿದರೆ ಕೇಳಿಸದು. ಅಜ್ಜನ ಕಾಲದ ಸಂದೂಕವನ್ನು ಆಟಿಕೆಗಳಿಗೆಂದು ಮಕ್ಕಳ ಕೋಣೆಯಲ್ಲಿಟ್ಟಿರುವ ಬಂಧುಗಳು ದಯವಿಟ್ಟು ಅದರ ಮುಚ್ಚಳವನ್ನೇ ಕಳಚಿಬಿಡಿ.

ಗುರುತ್ವ ಕೇಂದ್ರದ ಪಾಠ ನಿಮಗೆ ನೆನಪಿರಬಹುದು. ವಸ್ತುವಿನ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಅದರ ತಳದ ಒಳಗೆ ಬೀಳುವವರೆಗೆ ವಸ್ತು ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಆರು ಖಾಲಿ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ ನೋಡಿ. ಒಂದೇ ಡ್ರಾಯರನ್ನು ಎಳೆದರೆ ಈ ಪುಟ್ಟ ಕಪಾಟು ನಿಂತೇ ಇರುತ್ತದೆ. ಕೆಳಗಿನದನ್ನು ಬಿಟ್ಟು ಉಳಿದವನ್ನು ಮುಕ್ಕಾಲು ಪಾಲು ಎಳೆದು, ಮೇಲಿನದರ ಅಂಚಿನಲ್ಲಿ ಸಾಕಷ್ಟು ಭಾರವಿಟ್ಟರೆ ಮಗುಚಿ ಬೀಳಬಹುದು. ಮೂರು ವರ್ಷದ ಮಗುವಿನ ತೂಕ ಸುಮಾರು 14 ಕಿಲೋ. ಅಷ್ಟು ಭಾರ ತೆರೆದ ಡ್ರಾಯರಿನ ತುದಿಯಲ್ಲಿ ತೂಗಿದಾಗ ನಮ್ಮ ಕಪಾಟಿಗೂ ಆದದ್ದು ಅದೇ.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಈ ಸಂಗತಿ ಕೇಳಿ, ತಮ್ಮಲ್ಲಿ ಇದು ಕಾನೂನಿನ ವಿಷಯವೆಂದ. ಅಲ್ಲಿ ಮೈಮೇಲೆ ಕಪಾಟು ಬಿದ್ದು ಮಕ್ಕಳು ಸತ್ತ ಮೇಲೆ, 2016ರಲ್ಲಿ ಐಕಿಯಾ ಕಂಪನಿ ಸುಮಾರು 2.9 ಕೋಟಿ ಡ್ರಾಯರು ಕಪಾಟುಗಳನ್ನು ಹಿಂದಕ್ಕೆ ಕರೆಯಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2022ರ ಡಿಸೆಂಬರಿನಲ್ಲಿ 'ಸ್ಟರ್ಡಿ' ಕಾಯ್ದೆ ಬಂತು. 2023ರ ಸೆಪ್ಟೆಂಬರಿನಿಂದ ಅಲ್ಲಿ ಬಟ್ಟೆಯ ಕಪಾಟುಗಳು, ಡ್ರಾಯರುಗಳಲ್ಲಿ ಭಾರ ತುಂಬಿ ತೆರೆದಿಟ್ಟಾಗಲೂ, ಮಗು ಜೋತುಬಿದ್ದಷ್ಟು ಬಲ ಹಾಕಿದಾಗಲೂ ಉರುಳದಂತಿರಬೇಕು. ನಮ್ಮಲ್ಲಿ ಮಾತ್ರ ಕಪಾಟು ಕೊಳ್ಳುವಾಗ ಬಣ್ಣ, ಹೊಳಪು, ಬೆಲೆ ಕೇಳುತ್ತೇವೆಯೇ ಹೊರತು ಗೋಡೆಗೆ ಕಟ್ಟುವ ಪಟ್ಟಿ ಕೊಡುವಿರಾ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನಾನೂ ಕೇಳಿರಲಿಲ್ಲ.

ಮರುದಿನ ಬಡಿಗನನ್ನು ಕರೆಸಿದೆ. ಅವನು ಮೊದಲು ನೆಲ ನೋಡಿದ. ತೊಳೆದ ನೀರು ಹರಿದುಹೋಗಲೆಂದು ಶಹಾಬಾದಿ ಫರಸಿಯನ್ನು ಬಾಗಿಲ ಕಡೆಗೆ ತುಸು ಇಳಿಜಾರಾಗಿ ಹಾಸಿದ್ದರು. ಹೀಗಾಗಿ ಕಪಾಟು ಖಾಲಿಯಿದ್ದಾಗಲೇ ಮುಂದಕ್ಕೆ ಬಾಗಿತ್ತು. ಮುಂದಿನ ಕಾಲುಗಳ ಕೆಳಗೆ ಕಟ್ಟಿಗೆಯ ಚೂರು ಕೊಟ್ಟು ಮಟ್ಟ ಮಾಡಿದ. ಮೊಳೆ ಹೊಡೆದರೆ ಸಾಲದೇ ಎಂದೆ. "ಬರೇ ಮೊಳಿ ಹೊಡದ್ರ ಗಿಲಾವು ಉದರ್ತೈತ್ರಿ ಸರ್" ಎಂದು ಗಿಲಾವು ದಾಟಿ ಇಟ್ಟಿಗೆಯವರೆಗೆ ರಂಧ್ರ ಕೊರೆದು, ಬೋಲ್ಟು ಕೂರಿಸಿ, ಎರಡು ಕಬ್ಬಿಣದ ಪಟ್ಟಿಗಳಿಂದ ಕಪಾಟಿನ ಮೇಲ್ಭಾಗವನ್ನು ಬಿಗಿದ. ಪಟ್ಟಿಯ ಸ್ಕ್ರೂಗಳನ್ನು ಹಿಂಬದಿಯ ತೆಳು ಹಲಗೆಗೆ ಹಾಕದೆ ಗಟ್ಟಿ ಚೌಕಟ್ಟಿಗೇ ಹಾಕಿದ. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದ. ಒಂದೇ ಮುಂಜಾನೆಯ ಕೆಲಸ. ಭಾರದ ವಸ್ತುಗಳನ್ನು ಕೆಳಗಿಳಿಸಿದೆವು, ಮಗು ಬಯಸುವ ಯಾವುದನ್ನೂ ಕಪಾಟಿನ ತಲೆಯ ಮೇಲೆ ಇಡುವುದನ್ನು ಬಿಟ್ಟೆವು. ಬಾಡಿಗೆ ಮನೆಯಲ್ಲಿ ಮಾಲೀಕರು ಗೋಡೆ ಕೊರೆಯಬಿಡುವುದಿಲ್ಲ ಎಂದು ಬೆಂಗಳೂರಿನವರು ಹೇಳುವುದು ನಿಜ. ಅಂಥವರು ಮಕ್ಕಳ ಕೋಣೆಗೆ ಮೊಣಕಾಲೆತ್ತರದ, ಅಗಲ ತಳದ ಪೆಟ್ಟಿಗೆಗಳನ್ನಷ್ಟೇ ಇಡಲಿ.

ಇನ್ನೊಂದು ಮಾತು ಬಹಳ ದಿನಗಳಿಂದ ಮನಸ್ಸಿನಲ್ಲಿದೆ. ನಾನು ಕೆಲಸ ಮಾಡಿದ ಶಾಲೆಯೊಂದರ ಶಿಕ್ಷಕರ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ಒಂದು ಕಾಲು ಮೋಟಾಗಿ, ಅದರ ಕೆಳಗೆ ಮಡಚಿದ ರಟ್ಟು ಇಟ್ಟಿದ್ದೆವು. ಅದರ ಮೇಲಿದ್ದ ಭೂಪಟ ತರಲು ಎಂಟನೆಯ ತರಗತಿಯ ಹುಡುಗನನ್ನು ಕಳುಹಿಸಿದವನು ನಾನೇ. ಅವನು ಖಾನೆಯ ಮೇಲೆ ಕಾಲಿಟ್ಟು ಹತ್ತಿದ, ಕಪಾಟು ಉರುಳಿತು, ಅವನು ಪಕ್ಕಕ್ಕೆ ಹಾರಿ ಉಳಿದುಕೊಂಡ. ಮಸಿಯ ಬಾಟಲಿಗಳು ಒಡೆದವೆಂದು ಅವನನ್ನು ಆ ಇಡೀ ತಾಸು ಹೊರಗೆ ನಿಲ್ಲಿಸಿದೆ. ಕಪಾಟನ್ನು ಮತ್ತೆ ಎತ್ತಿ ನಿಲ್ಲಿಸಿ, ಅದೇ ರಟ್ಟನ್ನು ಅದೇ ಕಾಲಿನ ಕೆಳಗೆ ಇಟ್ಟೆವು. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ ನನ್ನ ಕ್ಷಮೆಯಾಚನೆಯನ್ನು ಸ್ವೀಕರಿಸಲಿ. ಅವನಿಗೂ ಈಗ ಮಕ್ಕಳಿರಬಹುದು.

ಜಾಲಹಳ್ಳಿಯ ಮನೆಯಲ್ಲಿ ನನ್ನ ಪುಸ್ತಕಗಳ ಬೀರು ಇನ್ನೂ ಬಾಕಿ ಉಳಿದಿದೆ. ಕಲ್ಲುಮಣ್ಣಿನ ಗೋಡೆಯಲ್ಲಿ ಬೋಲ್ಟು ನಿಲ್ಲದು. ಉದ್ದನೆಯ ಹಲಗೆಯೊಂದನ್ನು ನಾಲ್ಕಾರು ಕಡೆ ಬಿಗಿದು, ಬೀರನ್ನು ಆ ಹಲಗೆಗೆ ಕಟ್ಟಬೇಕಂತೆ. ಹೊಲದಲ್ಲಿ ಹತ್ತಿ ಬಿಡಿಸುವುದು ಮುಗಿದ ಮೇಲೆ ಬರುವೆನೆಂದು ಬಡಿಗ ಹೇಳಿದ್ದಾನೆ. ಅಲ್ಲಿಯವರೆಗೆ ಮೇಲಿನ ಸಾಲಿನ ನಿಘಂಟುಗಳನ್ನು ಕೆಳಗಿಳಿಸಿ, ಆ ಕೋಣೆಗೆ ಬೀಗ ಹಾಕಿದ್ದೇನೆ.