ಮೊದಲ ಹತ್ತು ನಿಮಿಷ ಯಾರದು?

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸತ್ತವರಲ್ಲಿ ಹರೆಯದವರೂ ಇದ್ದರಲ್ಲ, ಹೆದರದೆ ಇನ್ನೇನು? ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಹೃದಯಸಂಬಂಧಿ ಸಾವು ಅಸಹಜವಾಗಿ ಏರಿಲ್ಲ ಎಂದಿತು. ಇದರಿಂದ ನನಗೆ ಸಮಾಧಾನವಿಲ್ಲ. ಏರಿಲ್ಲವೆಂದರೆ, ಇಂಥ ಸಾವು ಮೊದಲಿನಿಂದಲೂ ಆಗುತ್ತಿತ್ತು, ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದೇ ಅರ್ಥ.

ರಕ್ತನಾಳ ಕಟ್ಟಿ ಎದೆನೋವು ಬಂದವರಿಗೆ ಬಹಳ ಸಲ ತುಸು ಹೊತ್ತಾದರೂ ಸಿಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಲಯ ತಪ್ಪಿದ ಹೃದಯ ಅಷ್ಟು ಹೊತ್ತು ಕೊಡುವುದಿಲ್ಲ. ಹೃದಯದ ಕೆಳಕೋಣೆಗಳು ಬಡಿಯುವುದು ಬಿಟ್ಟು ಅದುರತೊಡಗಿದರೆ ಮಿದುಳಿಗೆ ರಕ್ತ ನಿಲ್ಲುತ್ತದೆ. ಯಾರೂ ಎದೆ ಒತ್ತದಿದ್ದರೆ ನಿಮಿಷ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕುಸಿಯುತ್ತದೆ. ಹಾಸನ ಜಿಲ್ಲೆಯ ವನಗೂರಿನಂಥ ಊರಿನಿಂದ ಮಳೆಗಾಲದ ಗುಡ್ಡದ ತಿರುವುಗಳಲ್ಲಿ ಎಷ್ಟು ಜೋರಾಗಿ ಜೀಪು ಓಡಿಸಿದರೂ ಹತ್ತು ನಿಮಿಷಕ್ಕೆ ಸಕಲೇಶಪುರದ ತಾಲ್ಲೂಕು ಆಸ್ಪತ್ರೆ ಮುಟ್ಟಲಾಗದು.

ಹಾಗಾಗಿ ಬಿದ್ದ ಜಾಗದಲ್ಲೇ ಚಿಕಿತ್ಸೆ ಶುರುವಾಗಬೇಕು. ಕಾಫಿ ಕಣದಲ್ಲಿ ಒಬ್ಬ ಕುಸಿದನೆನ್ನಿ. ಕೈಕಾಲು ಒಮ್ಮೆ ಸೆಟೆಯಬಹುದು, ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆಯಬಹುದು. ಸುತ್ತಲಿದ್ದವರು ಫಿಟ್ಸ್ ಎಂದು ಕೈಗೆ ಕಬ್ಬಿಣ ಹಿಡಿಸುತ್ತಾರೆ, ‘ಉಸಿರಿದೆ’ ಎಂದು ಗಾಳಿ ಬೀಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಅಂಥ ಉಸಿರನ್ನು ನಂಬಬಾರದು. ಕರೆದರೆ ಓಗೊಡದೆ, ಉಸಿರೂ ಸರಿಯಿಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಇಳಿಯುವಂತೆ ಒತ್ತುತ್ತಲೇ ಇರಲಿ. 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಕುಸಿದ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸೆನ್ ಉಳಿದದ್ದು ಹೀಗೆ ಒತ್ತಿದ ಕೈಗಳಿಂದ ಮತ್ತು ಅಲ್ಲೇ ಕೊಟ್ಟ ಶಾಕ್‌ನಿಂದ.

ಅಂಥ ಶಾಕ್ ಕೊಡುವ ಯಂತ್ರ ತಾನೇ ಹೃದಯದ ಲಯ ನೋಡಿ ಮುಂದೇನು ಮಾಡಬೇಕೆಂದು ಹೇಳುತ್ತದೆ, ಡಾಕ್ಟರೇ ಬೇಕಿಲ್ಲ. ಊರೂರಿಗೆ ಕೊಡಲು ದುಡ್ಡೆಲ್ಲಿ ಎಂದರೆ ಆ ಪ್ರಶ್ನೆ ನ್ಯಾಯವೇ. ಆದರೆ ಎದೆ ಒತ್ತುವುದನ್ನು ಹೈಸ್ಕೂಲು ಮಕ್ಕಳಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಜೀಪು ಡ್ರೈವರುಗಳಿಗೆ ಕಲಿಸಲು ಏನು ಅಡ್ಡಿ?

ಚಿಕ್ಕ ವಯಸ್ಸಿನವರು ಹೀಗೆ ಹೋದ ಮನೆಯಲ್ಲಿ ಇನ್ನೊಂದು ಕೆಲಸವಿದೆ. ಕೆಲವು ಲಯದೋಷಗಳು ಮರಣೋತ್ತರ ಪರೀಕ್ಷೆಗೂ ಕಾಣುವುದಿಲ್ಲ, ಆದರೆ ವಂಶದಲ್ಲಿ ಬರುತ್ತವೆ. ತಿಥಿಯ ಓಡಾಟ ಮುಗಿದ ಕೂಡಲೇ ಒಡಹುಟ್ಟಿದವರ, ಮಕ್ಕಳ ಇಸಿಜಿ ತೆಗೆಸಬೇಕು. ಓಡುವಾಗ, ಆಡುವಾಗ ಎಚ್ಚರ ತಪ್ಪಿ ಬಿದ್ದವರಿದ್ದರೆ ಮೊದಲು ಅವರದು.